ನ್ಯಾಯಾಧೀಶರು ಕಾಣೆಯಾಗಿದ್ದಾರೆ

1934ರ ಮೇ ತಿಂಗಳ ಕೊನೆ. ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನ ಉತ್ತರ ರೈಲು ನಿಲ್ದಾಣಕ್ಕೆ ಅಧಿಕಾರಿಗಳು ಒಂದು ಚೀಟಿ ಹಿಡಿದು ಬಂದರು. ಪ್ರಯಾಣಿಕರು ಪೆಟ್ಟಿಗೆ, ಗಂಟುಮೂಟೆ ಇಟ್ಟುಹೋಗುವ ಲಗೇಜ್ ಕೋಣೆಯ ರಸೀದಿ ಅದು. ಚೀಟಿ ಕೊಟ್ಟದ್ದಕ್ಕೆ ಒಳಗಿನಿಂದ ಬಂದದ್ದು ಸುತ್ತಿ ಕಟ್ಟಿದ್ದ, ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಇದ್ದ ಒಂದು ಹಲಗೆ. ಬಿಚ್ಚಿ ನೋಡಿದರೆ ಸ್ನಾನಿಕ ಯೊವಾನ್ನನ ಚಿತ್ರ. ಕಲ್ಲಿನ ವಿಗ್ರಹವೇ ಎದುರು ನಿಂತಿದೆ ಎನ್ನಿಸುವಂತೆ ಬರೀ ಬೂದು ಛಾಯೆಗಳಲ್ಲಿ ಬರೆದದ್ದು, ಐನೂರು ವರ್ಷ ಹಳೆಯದು. ಯುರೋಪಿನ ಚಿತ್ರಕಲೆಯ ಚರಿತ್ರೆ ಬರೆಯಲು ಕುಳಿತವರು ಯಾರೂ ದಾಟಿ ಹೋಗಲಾಗದ ಕೃತಿಯ ಒಂದು ಭಾಗ, ಯಾರದೋ ಟ್ರಂಕು, ಯಾರದೋ ಚೀಲಗಳ ನಡುವೆ ಒರಗಿಕೊಂಡಿತ್ತು. ರಸೀದಿಯನ್ನು ಅಂಚೆಯಲ್ಲಿ ಕಳಿಸಿದವನು ಕಳ್ಳನೇ.

ಕಳುವಾಗಿದ್ದು ಎರಡು ಹಲಗೆ. ಒಂದನ್ನು ಹೀಗೆ, ತನ್ನ ಮಾತು ನಂಬಲಿ ಎಂದು ಹಿಂದಿರುಗಿಸಿದ. ಇನ್ನೊಂದರ ಹೆಸರು ‘ನ್ಯಾಯವಂತ ನ್ಯಾಯಾಧೀಶರು’. ಅದು ಇವತ್ತಿಗೂ ಸಿಕ್ಕಿಲ್ಲ. ಕಳ್ಳ ಯಾರೆಂದು ಹೆಚ್ಚುಕಡಿಮೆ ಗೊತ್ತು. ಅವನು ಬರೆದ ಪತ್ರಗಳಿವೆ, ಪತ್ರಗಳ ನಕಲುಗಳಿವೆ, ಅವನ್ನು ಬಡಿದ ಟೈಪ್‌ರೈಟರ್ ಕೂಡ ಸಿಕ್ಕಿದೆ. ಮಾಲು ಮಾತ್ರ ಇಲ್ಲ. ಸಾಮಾನ್ಯವಾಗಿ ಕಳ್ಳತನದ ಕತೆಗಳು ಇದಕ್ಕೆ ತಿರುಗುಮುರುಗಾಗಿರುತ್ತವೆ.

ಚಿತ್ರ ಇದ್ದದ್ದು, ಉಳಿದ ಭಾಗ ಈಗಲೂ ಇರುವುದು, ಬೆಲ್ಜಿಯಂನ ಗೆಂಟ್ ನಗರದ ಸೇಂಟ್ ಬಾವೋ ಕೆಥೆಡ್ರಲ್‌ನಲ್ಲಿ. ‘ದೇವರ ಕುರಿಮರಿಯ ಆರಾಧನೆ’ ಎಂದು ಹೆಸರಾದ ಈ ಬಲಿಪೀಠದ ಚಿತ್ರವನ್ನು ಹ್ಯೂಬರ್ಟ್ ವ್ಯಾನ್ ಐಕ್ ಶುರು ಮಾಡಿದ. 1426ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಯಾನ್ ವ್ಯಾನ್ ಐಕ್ ಮುಂದುವರಿಸಿ 1432ರಲ್ಲಿ ಮುಗಿಸಿದ. ಬರೆಸಿದವರು ಯೋಸ್ ವೈಡ್ ಎಂಬ ಸಿರಿವಂತ ಮತ್ತು ಅವನ ಹೆಂಡತಿ ಎಲಿಸಬೆತ್ ಬೊರ್ಲೂಟ್. ಇಬ್ಬರೂ ಕೈ ಮುಗಿದು ಮಂಡಿಯೂರಿದ ಭಂಗಿಯಲ್ಲಿ ಚಿತ್ರದ ಹೊರಮೈಯಲ್ಲೇ ಇದ್ದಾರೆ. ಓಕ್ ಮರದ ಹನ್ನೆರಡು ಹಲಗೆಗಳು. ಅವುಗಳಲ್ಲಿ ಎಂಟು ಬಾಗಿಲ ರೆಕ್ಕೆಗಳಂತೆ ಮುಚ್ಚಿ ತೆರೆಯುವಂಥವು, ಎರಡೂ ಬದಿಗೆ ಚಿತ್ರ ಇರುವಂಥವು. ನಮ್ಮ ಗರ್ಭಗುಡಿಯ ಪರದೆ ಸರಿಯುವ ಹೊತ್ತಿಗೆ ಭಕ್ತರು ಕಾದು ನಿಲ್ಲುವ ಹಾಗೆ, ಅಲ್ಲಿಯವರು ಹಬ್ಬದ ದಿನ ಈ ರೆಕ್ಕೆಗಳು ತೆರೆಯುವುದಕ್ಕೆ ಕಾಯುತ್ತಿದ್ದರು. ಉಳಿದ ದಿನ ಕಾಣುತ್ತಿದ್ದದ್ದು ಹೊರಮೈಯ ಸಪ್ಪೆ ಬಣ್ಣಗಳಷ್ಟೆ.

ತೆರೆದಾಗ ಮಾತು ಬೇರೆ. ನಟ್ಟನಡುವೆ ಹಸಿರು ಹುಲ್ಲುಗಾವಲು, ಅದರ ಮಧ್ಯೆ ಪೀಠದ ಮೇಲೆ ಎದೆಯಿಂದ ರಕ್ತ ಪಾತ್ರೆಗೆ ಚಿಮ್ಮುತ್ತಿದ್ದರೂ ನಿಶ್ಚಲವಾಗಿ ನಿಂತ ಕುರಿಮರಿ. ನಾಲ್ಕೂ ದಿಕ್ಕಿನಿಂದ ಅದರತ್ತ ಬರುವ ಜನ: ಸಂತರು, ಬಿಷಪ್ಪರು, ಕನ್ಯೆಯರು, ಯಾತ್ರಿಕರು. ಎಡಗಡೆಯ ಕೆಳಗಿನ ಕೊನೆಯ ಹಲಗೆಯಲ್ಲಿ ಕುದುರೆ ಏರಿ ಬರುವ ನ್ಯಾಯಾಧೀಶರು. ಆ ಮುಖಗಳಲ್ಲಿ ಎರಡು ವ್ಯಾನ್ ಐಕ್ ಸಹೋದರರವೇ ಎಂಬುದು ಗೆಂಟ್‌ನ ಹಳೆಯ ನಂಬಿಕೆ. ಸುಮಾರು 145 ಸೆಂಟಿಮೀಟರ್ ಎತ್ತರ, 51 ಸೆಂಟಿಮೀಟರ್ ಅಗಲ. ಎಣ್ಣೆಬಣ್ಣವನ್ನು ತೆಳ್ಳಗೆ ಪದರದ ಮೇಲೆ ಪದರ ಬಳಿದು, ಒಡವೆಯ ಹರಳಿನೊಳಗೆ ಕಿಟಕಿಯ ಬೆಳಕು ಬೀಳುವುದನ್ನೂ ಕುದುರೆಯ ಕಡಿವಾಣದ ಹೊಳಪನ್ನೂ ಬಿಡದೆ ಬರೆದ ಕೈ ಅದು. ಅಂಥ ಕೈಯ ಒಂದು ಹಲಗೆ ಹೋಯಿತೆಂದರೆ ಎಷ್ಟು ಹೋಯಿತು ಎಂದು ಉಳಿದವುಗಳ ಎದುರು ನಿಂತಾಗ ತಿಳಿಯುತ್ತದೆ.

ಇಷ್ಟಕ್ಕೂ ಈ ಚಿತ್ರದ ಜಾತಕವೇ ಸರಿ ಇಲ್ಲ. 1566ರಲ್ಲಿ ಮೂರ್ತಿಭಂಜಕರಾದ ಪ್ರಾಟೆಸ್ಟೆಂಟರು ಇಗರ್ಜಿಗೆ ನುಗ್ಗಿದಾಗ ಅದನ್ನು ಗೋಪುರಕ್ಕೆ ಏರಿಸಿ ಉಳಿಸಿಕೊಂಡದ್ದಾಯಿತು. 1781ರಲ್ಲಿ ಬಂದ ಚಕ್ರವರ್ತಿ ಎರಡನೆಯ ಜೋಸೆಫ್‌ಗೆ ಆದಾಮ ಮತ್ತು ಹವ್ವಳ ಬತ್ತಲೆ ಮೈ ಸರಿ ಬರಲಿಲ್ಲ. ಆ ಹಲಗೆಗಳನ್ನು ಇಳಿಸಿ ಒಳಗಿಟ್ಟರು, ಮುಂದಿನ ಶತಮಾನದಲ್ಲಿ ತೊಗಲುಡುಗೆ ತೊಡಿಸಿದ ಬದಲಿ ಆದಾಮ, ಬದಲಿ ಹವ್ವರನ್ನೂ ಬರೆಸಿದರು. 1794ರಲ್ಲಿ ಫ್ರೆಂಚ್ ಸೈನ್ಯ ನಡುವಿನ ಹಲಗೆಗಳನ್ನು ಪ್ಯಾರಿಸ್‌ಗೆ ಹೊತ್ತೊಯ್ಯಿತು. ವಾಟರ್ಲೂ ಕದನದಲ್ಲಿ ನೆಪೋಲಿಯನ್ ಸೋತ ಮೇಲೆ ಅವು ಹಿಂದಿರುಗಿದವು. ಹಿಂದಿರುಗಿದ ಸಂತೋಷ ಆರುವ ಮೊದಲೇ, 1816ರಲ್ಲಿ, ಬಿಷಪ್ ಊರಲ್ಲಿಲ್ಲದ ಹೊತ್ತು ನೋಡಿ ಅವರ ಕೆಳಗಿನ ಪಾದ್ರಿಯೇ ಆರು ರೆಕ್ಕೆಗಳನ್ನು 3,000 ಫ್ಲಾರಿನ್‌ಗೆ ವ್ಯಾಪಾರಿಯೊಬ್ಬನಿಗೆ ಮಾರಿಬಿಟ್ಟ. ಬೇಲಿಯೇ ಹೊಲ ಮೇದದ್ದು ಅದೇ ಮೊದಲು. ರೆಕ್ಕೆಗಳು ಕೈಯಿಂದ ಕೈಗೆ ಹೋಗಿ ಬರ್ಲಿನ್‌ನಲ್ಲಿದ್ದ ಎಡ್ವರ್ಡ್ ಸಾಲಿ ಎಂಬ ಇಂಗ್ಲಿಷ್ ಸಂಗ್ರಾಹಕನನ್ನು ಸೇರಿ, 1821ರಲ್ಲಿ ಪ್ರಷ್ಯದ ಅರಸನ ಪಾಲಾದವು.

ಬರ್ಲಿನ್ನಿನ ವಸ್ತುಸಂಗ್ರಹಾಲಯದವರು 1894ರಲ್ಲಿ ಮಾಡಿದ ಒಂದು ಕೆಲಸವನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಎರಡೂ ಬದಿಯ ಚಿತ್ರಗಳನ್ನು ಒಟ್ಟಿಗೇ ಗೋಡೆಗೆ ಹಾಕಿ ತೋರಿಸಬೇಕೆಂಬ ಆಸೆಯಿಂದ ಅವರು ಹಲಗೆಗಳನ್ನು ದಪ್ಪದ ನಡುವೆ ಗರಗಸದಿಂದ ಸೀಳಿದರು. ಮರದ ಕೆಲಸದ ಲೆಕ್ಕದಲ್ಲಿ ಭೇಷ್ ಅನ್ನಬಹುದಾದ ಕೌಶಲ. ಆದರೆ ಅಂದಿನಿಂದ ನ್ಯಾಯಾಧೀಶರು ಬೇರೆ, ಅವರ ಬೆನ್ನಿಗಿದ್ದ ಯೊವಾನ್ನ ಬೇರೆ. ನಲವತ್ತು ವರ್ಷದ ಮೇಲೆ ಬಂದ ಕಳ್ಳನಿಗೆ ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಅನುಕೂಲ ಮಾಡಿಕೊಟ್ಟದ್ದು ಆ ಗರಗಸ.

ಮೊದಲ ಮಹಾಯುದ್ಧದಲ್ಲಿ ಗೆಂಟ್ ಜರ್ಮನರ ವಶವಾದಾಗ ಊರಲ್ಲುಳಿದಿದ್ದ ಹಲಗೆಗಳನ್ನು ವ್ಯಾನ್ ಡೆನ್ ಗೇನ್ ಎಂಬ ಹಿರಿಯ ಪಾದ್ರಿ ಗುಜರಿ ಸಾಮಾನಿನ ಗಾಡಿಯಲ್ಲಿ ಸಾಗಿಸಿ, ಊರಿನ ಮನೆಗಳಲ್ಲಿ ಬಚ್ಚಿಟ್ಟರು. ಚಿತ್ರವನ್ನು ಇಂಗ್ಲೆಂಡ್‌ಗೆ ಕಳಿಸಿಯಾಯಿತು ಎಂದು ನಂಬಿಸುವ ಕಾಗದಪತ್ರವನ್ನೂ ತಯಾರಿಸಿಟ್ಟಿದ್ದರು. ಯುದ್ಧ ಮುಗಿದು ವರ್ಸೈ ಒಪ್ಪಂದವಾದಾಗ ಅದರ 247ನೆಯ ಕಲಮು ಬರ್ಲಿನ್‌ನ ರೆಕ್ಕೆಗಳನ್ನು ಬೆಲ್ಜಿಯಂಗೆ ಕೊಡಿಸಿತು. ಸಾವಿರಾರು ಕೋಟಿ ಪರಿಹಾರ, ಗಡಿ, ವಸಾಹತುಗಳ ಮಾತಾಡುವ ಒಪ್ಪಂದದಲ್ಲಿ ಒಂದು ದೇವರ ಚಿತ್ರಕ್ಕೆ ಪ್ರತ್ಯೇಕ ಜಾಗ ಸಿಕ್ಕಿತ್ತು. ಜರ್ಮನಿಗೆ ಇದು ನುಂಗಲಾರದ ತುತ್ತಾಯಿತು, ಏಕೆಂದರೆ ಪ್ರಷ್ಯದ ಅರಸ ಅವನ್ನು ದುಡ್ಡು ಕೊಟ್ಟೇ ಕೊಂಡಿದ್ದ. 1920ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, ಕುಟುಂಬ ಒಂದಾಯಿತು. ಹದಿನಾಲ್ಕು ವರ್ಷ ನೆಮ್ಮದಿ.

1934ರ ಏಪ್ರಿಲ್ 11ರ ಬೆಳಿಗ್ಗೆ ಇಗರ್ಜಿಯ ಬಾಗಿಲು ತೆಗೆದವರಿಗೆ ಚೌಕಟ್ಟಿನ ಎಡಮೂಲೆ ಖಾಲಿ ಕಂಡಿತು. ಹಲಗೆ ಇದ್ದ ಜಾಗದಲ್ಲಿ ಫ್ರೆಂಚ್‌ನಲ್ಲಿ ಬರೆದ ಒಂದು ಚೀಟಿ: ವರ್ಸೈ ಒಪ್ಪಂದದ ಮೂಲಕ ಜರ್ಮನಿಯಿಂದ ಕಿತ್ತುಕೊಂಡದ್ದು ಎಂಬ ಅರ್ಥದ ಒಂದೇ ಸಾಲು. ಅದು ನಿಜವಾದ ಸಿಟ್ಟೋ, ಪೊಲೀಸರನ್ನು ಜರ್ಮನಿಯ ಕಡೆಗೆ ಓಡಿಸಲು ಹೂಡಿದ ಆಟವೋ? ಮುಂದಿನದನ್ನು ನೋಡಿದರೆ ಆಟವೇ. ಸಂಜೆ ಬಾಗಿಲು ಹಾಕುವ ಮುನ್ನವೇ ಯಾರೋ ಒಳಗೆ ಅಡಗಿ ಕುಳಿತಿದ್ದಿರಬೇಕು ಎಂಬುದು ಸಾಮಾನ್ಯ ಊಹೆ.

ಪೊಲೀಸರು ಬರುವ ಹೊತ್ತಿಗೆ ಸುದ್ದಿ ಕೇಳಿ ಓಡಿ ಬಂದ ಜನ ಇಗರ್ಜಿ ತುಂಬಿದ್ದರು. ಹೆಜ್ಜೆ ಗುರುತು, ಬೆರಳ ಗುರುತು ಎಲ್ಲವೂ ಆ ಗದ್ದಲದಲ್ಲಿ ಕಲಸಿಹೋದವು. ಅದೇ ರಾತ್ರಿ ಹತ್ತಿರದ ಚೀಸ್ ಅಂಗಡಿಯಲ್ಲೂ ಕಳವಾಗಿತ್ತು. ಪೊಲೀಸ್ ಅಧಿಕಾರಿ ಚಿತ್ರ ಬಿಟ್ಟು ಚೀಸಿನ ಹಿಂದೆ ಹೋದರು ಎಂದು ಗೆಂಟ್‌ನಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ನಗುವಂಥದ್ದೇ. ಆದರೆ ಈ ಪ್ರಕರಣದಲ್ಲಿ ಮುಂದೆ ನಡೆದ ಎಡವಟ್ಟುಗಳ ಎದುರು ಇದು ಲೆಕ್ಕಕ್ಕೇ ಬಾರದ್ದು.

ಏಪ್ರಿಲ್ 30ರ ತಾರೀಕು ಹೊತ್ತ ಒಂದು ಪತ್ರ ಗೆಂಟ್‌ನ ಬಿಷಪ್ ಕೊಪ್ಪೀಟರ್ಸ್ ಅವರಿಗೆ ತಲುಪಿತು. ಎರಡೂ ಹಲಗೆ ತಮ್ಮ ಬಳಿ ಇವೆ, ಹಿಂದಿರುಗಬೇಕಾದರೆ ಹತ್ತು ಲಕ್ಷ ಬೆಲ್ಜಿಯನ್ ಫ್ರಾಂಕ್ ಕೊಡಿ ಎಂದಿತ್ತು. ಕೆಳಗೆ ಸಹಿಯ ಬದಲು ಮೂರು ಅಕ್ಷರ: ಡಿ.ಯು.ಎ. ಇಗರ್ಜಿಯ ಕಡೆಯ ಉತ್ತರವನ್ನು ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಕೊಡಬೇಕೆಂದು ಷರತ್ತು. ‘ಲಾ ಡರ್ನಿಯೇರ್ ಅರ್’ ಎಂಬ ಪತ್ರಿಕೆಯಲ್ಲಿ ಮನೆ ಬಾಡಿಗೆ, ಹಳೆ ಸಾಮಾನಿನ ಜಾಹೀರಾತುಗಳ ಮಧ್ಯೆ ಡಿ.ಯು.ಎ. ಹೆಸರಿಗೆ ಒಂದೊಂದು ಸಾಲು ಬರತೊಡಗಿತು. ಬಿಷಪ್ಪರ ಹೆಸರಿನಲ್ಲಿ ಉತ್ತರ ಹೆಣೆಯುತ್ತಿದ್ದವರು ನಿಜವಾಗಿ ಸರ್ಕಾರಿ ಅಭಿಯೋಜಕರು. ಕಳ್ಳರ ಜೊತೆ ಚೌಕಾಸಿ ಇಲ್ಲ ಎಂಬುದು ಸರ್ಕಾರ ಮೊದಲು ಹೇಳಿದ ಮಾತು. ಆಮೇಲೆ ಮಾಡಿದ್ದೆಲ್ಲ ಚೌಕಾಸಿಯೇ.

ಲಗೇಜ್ ಕೋಣೆಯ ರಸೀದಿ ಬಂದದ್ದು ಈ ಪತ್ರವ್ಯವಹಾರದ ನಡುವೆ. ಯೊವಾನ್ನ ಮರಳಿದ್ದರಿಂದ ಡಿ.ಯು.ಎ. ಬಳಿ ನಿಜವಾದ ಮಾಲಿದೆ ಎಂಬುದು ಖಾತ್ರಿಯಾಯಿತು. ಇನ್ನು ದುಡ್ಡು ಕೊಡುವ ಸರದಿ. ಜೂನ್‌ನಲ್ಲಿ ಆಂಟ್‌ವರ್ಪ್ ನಗರದ ಒಬ್ಬ ಪಾದ್ರಿಯ ಕೈಗೆ ಹಣದ ಪೊಟ್ಟಣ ಕೊಡಬೇಕು, ಹರಿದ ವೃತ್ತಪತ್ರಿಕೆಯ ಹಾಳೆಯ ಅರ್ಧ ಅವರ ಬಳಿ ಇರಬೇಕು, ಉಳಿದರ್ಧ ತಂದು ಜೋಡಿಸಿ ತೋರಿಸಿದವರಿಗೆ ಪೊಟ್ಟಣ ಒಪ್ಪಿಸಬೇಕು ಎಂದು ಏರ್ಪಾಡು. ಪಾಪ, ಏನೆಂದು ತಿಳಿಯದ ಪಾದ್ರಿ ಹಾಳೆ ಜೋಡಿಸಿ ನೋಡಿ ಪೊಟ್ಟಣ ಕೊಟ್ಟರು. ಅದರೊಳಗೆ ಇದ್ದದ್ದು 25,000 ಫ್ರಾಂಕ್ ಮಾತ್ರ, ಜೊತೆಗೆ ಚಿತ್ರ ಬಂದ ಮೇಲೆ ಇನ್ನಷ್ಟು ಕೊಡುವ ಭರವಸೆಯ ಕಾಗದ. ಹತ್ತು ಲಕ್ಷ ಕೇಳಿದವನಿಗೆ ನಲವತ್ತರಲ್ಲಿ ಒಂದು ಪಾಲು. ಡಿ.ಯು.ಎ. ಸಿಡಿಮಿಡಿಗೊಂಡ. ಮಾತಿಗೆ ತಪ್ಪಿದಿರಿ, ನಾವು ನಂಬಿ ಒಂದು ಹಲಗೆ ಕೊಟ್ಟೆವು ಎಂಬ ಧಾಟಿಯ ಪತ್ರಗಳು ಬಂದವು. ವಂಚನೆಗೊಳಗಾದ ಗೃಹಸ್ಥನ ಅಸಮಾಧಾನ ಅವುಗಳಲ್ಲಿತ್ತು. ಅಕ್ಟೋಬರ್ ಹೊತ್ತಿಗೆ ಪತ್ರಗಳು ನಿಂತವು.

ನವೆಂಬರ್ 25. ಡೆಂಡರ್‌ಮೊಂಡ ಎಂಬ ಸಣ್ಣ ಪಟ್ಟಣದಲ್ಲಿ ಕಥೋಲಿಕ ಪಕ್ಷದ ಸಭೆ. ಭಾಗವಹಿಸಿದ್ದ ಆರ್ಸೆನ್ ಗೂಡರ್‌ತೀರ್ ಎಂಬುವವನಿಗೆ ಹೃದಯಾಘಾತವಾಯಿತು. ಗೆಂಟ್ ಸಮೀಪದ ವೆಟ್ಟರೆನ್‌ನ ಶೇರು ದಲ್ಲಾಳಿ, ಅರವತ್ತರ ಹತ್ತಿರದ ಪ್ರಾಯ, ಇಗರ್ಜಿಯ ಕೆಲಸಕ್ಕೆ ಮುಂದಾಗಿ ನಿಲ್ಲುವವ, ಬಿಡುವಿನಲ್ಲಿ ಚಿತ್ರ ಬರೆಯುವವ, ಊರಲ್ಲಿ ಮರ್ಯಾದಸ್ಥ. ಹತ್ತಿರದ ಸಂಬಂಧಿಯ ಮನೆಗೆ ಒಯ್ದು ಮಲಗಿಸಿದರು. ಸಾಯುವ ಕಥೋಲಿಕ ಮೊದಲು ಕರೆಸುವುದು ಪಾಪನಿವೇದನೆ ಕೇಳುವ ಪಾದ್ರಿಯನ್ನು. ಈತ ಕರೆಸಿದ್ದು ವಕೀಲ ಜೋರ್ಜ್ ದೆ ವೋಸ್‌ನನ್ನು. ಬಾಗಿಲು ಹಾಕಿಕೊಂಡು, ಏದುಸಿರಿನ ನಡುವೆ ಅವನು ಹೇಳಿದ್ದರ ಸಾರ ಇಷ್ಟು: ಕುರಿಮರಿಯ ಚಿತ್ರ ಎಲ್ಲಿದೆ ಎಂದು ಗೊತ್ತಿರುವುದು ತನಗೊಬ್ಬನಿಗೇ, ತನ್ನ ಓದುವ ಕೋಣೆಯ ಮೇಜಿನಲ್ಲಿ ‘ಮ್ಯುಚುವಲಿಟೆ’ ಎಂದು ಬರೆದಿರುವ ಲಕೋಟೆಯಲ್ಲಿ ಎಲ್ಲ ಇದೆ. ಅಷ್ಟರಲ್ಲಿ ಉಸಿರು ನಿಂತಿತು.

ಲಕೋಟೆ ಸಿಕ್ಕಿತು. ಒಳಗೆ ಬಿಷಪ್ಪರಿಗೆ ಹೋದ ಪತ್ರಗಳ ಕಾರ್ಬನ್ ಪ್ರತಿಗಳಿದ್ದವು. ಕೊನೆಯಲ್ಲಿ ಕಳಿಸದೆ ಉಳಿದ ಇನ್ನೊಂದು ಪತ್ರದ ಕರಡು. ನ್ಯಾಯಾಧೀಶರು ಎಂಥ ಜಾಗದಲ್ಲಿದ್ದಾರೆಂದರೆ ತಾನಾಗಲಿ ಬೇರೆ ಯಾರೇ ಆಗಲಿ ಜನರ ಕಣ್ಣಿಗೆ ಬೀಳದೆ ಅಲ್ಲಿಂದ ತೆಗೆಯಲು ಆಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಜಾಗದ ಹೆಸರಿಲ್ಲ. ನಕ್ಷೆ ಇಲ್ಲ. ಗೆಂಟ್‌ನ ಸೇಂಟ್ ಪೀಟರ್ ರೈಲು ನಿಲ್ದಾಣದ ಲಗೇಜ್ ಕೋಣೆಯಲ್ಲಿ ಟೈಪ್‌ರೈಟರ್ ಸಿಕ್ಕಿತು. ಈ ಮನುಷ್ಯನಿಗೆ ಲಗೇಜ್ ಕೋಣೆಗಳ ಮೇಲೆ ವಿಶೇಷ ಪ್ರೀತಿ ಇದ್ದಂತಿದೆ. ಸಜ್ಜನ ಕಳ್ಳ ಆರ್ಸೆನ್ ಲೂಪ್ಯಾಂನ ಸಾಹಸಗಳು ಆ ಕಾಲದ ಫ್ರೆಂಚ್ ಓದುಗರಿಗೆ ಅಚ್ಚುಮೆಚ್ಚು. ನಮ್ಮ ದಲ್ಲಾಳಿಯ ಹೆಸರೂ ಆರ್ಸೆನ್, ಅವನಿಗೂ ಆ ಕಾದಂಬರಿಗಳ ಹುಚ್ಚಿತ್ತು ಎನ್ನುತ್ತಾರೆ. ಪತ್ರಗಳ ನಾಟಕೀಯತೆ ನೋಡಿದರೆ ನಂಬುವಂತಿದೆ.

ಇಲ್ಲಿಂದ ಮುಂದಿನದು ಈ ಕತೆಯಲ್ಲಿ ಎಲ್ಲಕ್ಕಿಂತ ಬೇಸರದ ಭಾಗ, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ವಕೀಲ ದೆ ವೋಸ್ ನೇರ ಪೊಲೀಸ್ ಠಾಣೆಗೆ ಹೋಗಲಿಲ್ಲ. ನ್ಯಾಯಾಂಗದ ಕೆಲವು ದೊಡ್ಡವರಿಗೆ ವಿಷಯ ಮುಟ್ಟಿಸಿದ. ಅವರು ತಮ್ಮತಮ್ಮಲ್ಲೇ ಗುಟ್ಟಾಗಿ ಹುಡುಕಾಟ ಶುರು ಮಾಡಿದರು. ಪತ್ತೇದಾರಿಕೆಯಲ್ಲಿ ಒಬ್ಬರಿಗೂ ತರಬೇತಿ ಇರಲಿಲ್ಲ. ಪೊಲೀಸರಿಗೆ ತಿಳಿಸುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ತಿಂಗಳು ಕಳೆದಿತ್ತು. ಸತ್ತವನ ಮನೆ, ಕಾಗದಪತ್ರ, ಬೀರು, ಕೀಲಿಕೈ ಎಲ್ಲದರ ಮೇಲೂ ಅಷ್ಟರಲ್ಲಿ ಬೇರೆಯವರ ಕೈ ಆಡಿತ್ತು. ಒಬ್ಬ ಮನುಷ್ಯ ಹಿಂದಿನ ಏಳೆಂಟು ತಿಂಗಳಲ್ಲಿ ಎಲ್ಲಿ ಹೋದ, ಯಾರನ್ನು ಕಂಡ, ಯಾವ ಗಾಡಿ ಬಾಡಿಗೆ ಹಿಡಿದ ಎಂದು ಬಿಸಿಬಿಸಿಯಾಗಿ ಕೇಳಿ ತಿಳಿಯಬಹುದಾದ ದಿನಗಳು ಅವು. ಮತ್ತೆ ಬರುವಂಥವಲ್ಲ.

ಯಾಕೆ ಹೀಗೆ ಮಾಡಿದರು? ಸತ್ತವ ತಮ್ಮದೇ ವಲಯದವ, ಕಥೋಲಿಕ ಸಮಾಜದಲ್ಲಿ ಹೆಸರಿದ್ದವ. ಸುದ್ದಿ ಹೊರಬಿದ್ದರೆ ಕುಟುಂಬಕ್ಕೂ ಪಕ್ಷಕ್ಕೂ ಇಗರ್ಜಿಗೂ ಮುಜುಗರ. ಬಿಷಪ್ಪರ ಕಚೇರಿಯೊಳಗಿನ ಹಣದ ವ್ಯವಹಾರವೊಂದನ್ನು ಮುಚ್ಚಿಡಲು ಗೂಡರ್‌ತೀರ್‌ನನ್ನು ಮುಂದೆ ಮಾಡಿದ್ದರು ಎಂಬ ವಾದವೂ ಆಮೇಲೆ ಹುಟ್ಟಿತು. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಅಷ್ಟು ದೊಡ್ಡ ಸಂಚನ್ನು ಊಹಿಸುವ ಅಗತ್ಯವೂ ಇಲ್ಲ. ನಾಲ್ಕು ಜನ ದೊಡ್ಡವರು ಮರ್ಯಾದೆಗೆ ಅಂಜಿ ತಿಂಗಳು ಕಾಲ ಬಾಯಿ ಮುಚ್ಚಿಕೊಂಡರೆ ಸಾಕು, ಎಂಥ ಪ್ರಕರಣವೂ ಕೆಡುತ್ತದೆ. ಕಾಣೆಯಾದ ಚಿತ್ರದ ಹೆಸರು ‘ನ್ಯಾಯವಂತ ನ್ಯಾಯಾಧೀಶರು’ ಎಂಬುದನ್ನು ವಿಧಿಯ ಕುಚೋದ್ಯವೆನ್ನದೆ ಬೇರೆ ಏನೆನ್ನುವುದು?

ಗೂಡರ್‌ತೀರ್ ನಿಜವಾಗಿ ಕಳ್ಳನೇ, ಅಥವಾ ಕಳ್ಳರ ಪರ ಪತ್ರ ಬರೆದವನಷ್ಟೆಯೇ ಎಂಬುದೂ ತೀರ್ಮಾನವಾಗಿಲ್ಲ. ಅವನಿಗೆ ಕಣ್ಣಿನ ತೊಂದರೆ ಇತ್ತು, ಕತ್ತಲಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ ಎನ್ನುತ್ತಾರೆ. ಅಂಥವನು ರಾತ್ರಿ ಹೊತ್ತು, ದೀಪವಿಲ್ಲದ ಇಗರ್ಜಿಯಲ್ಲಿ, ಎತ್ತರದ ಚೌಕಟ್ಟಿನಿಂದ ಹಲಗೆಗಳನ್ನು ಒಬ್ಬನೇ ಇಳಿಸಿದನೇ? ಎಷ್ಟೋ ವರ್ಷದ ಮೇಲೆ ಅದೇ ಚೀಸ್ ಅಂಗಡಿಗೆ ಕನ್ನ ಹಾಕಿದ್ದ ಕಳ್ಳನೇ ಮುಂದೆ ಬಂದು, ಆ ರಾತ್ರಿ ಇಗರ್ಜಿಯ ಬಳಿ ಕಾರು ನಿಲ್ಲಿಸಿಕೊಂಡು ಹಲಗೆಯಂಥದ್ದನ್ನು ಸಾಗಿಸುತ್ತಿದ್ದ ಇಬ್ಬರನ್ನು ನೋಡಿದ್ದಾಗಿ ಹೇಳಿದನಂತೆ. ಒಬ್ಬ ಕಳ್ಳನ ಮಾತಿಗೆ ಇನ್ನೊಬ್ಬ ಕಳ್ಳನ ಸಾಕ್ಷಿ. ಎಷ್ಟು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು.

ಎರಡನೆಯ ಮಹಾಯುದ್ಧ ಬಂತು. 1940ರಲ್ಲಿ ಉಳಿದ ಹಲಗೆಗಳನ್ನು ವ್ಯಾಟಿಕನ್‌ಗೆ ಕಳಿಸಲು ಹೊರಟರೆ ಇಟಲಿಯೇ ಯುದ್ಧಕ್ಕಿಳಿಯಿತು. ಫ್ರಾನ್ಸಿನ ಪೋ ಎಂಬ ಊರಿನ ಕೋಟೆಯಲ್ಲಿ ಇಳಿಸಿದರು. 1942ರಲ್ಲಿ ನಾಜಿಗಳು ಅಲ್ಲಿಂದ ಬವೇರಿಯಕ್ಕೆ, ಆಮೇಲೆ ಆಸ್ಟ್ರಿಯದ ಆಲ್ಟಾಉಸೀ ಉಪ್ಪಿನ ಗಣಿಗೆ ಒಯ್ದರು. ವರ್ಸೈನ ಅವಮಾನ ತೀರಿಸಿಕೊಳ್ಳುವುದಕ್ಕೆ ಇಡೀ ಚಿತ್ರ ಬೇಕಾಗಿತ್ತು ಅವರಿಗೆ. ಹಾಗಾಗಿ ಕಾಣೆಯಾದ ನ್ಯಾಯಾಧೀಶರನ್ನು ಹುಡುಕಲು ಹೆನ್ರಿ ಕೋನ್ ಎಂಬ ಅಧಿಕಾರಿಯನ್ನೇ ಗೆಂಟ್‌ಗೆ ನೇಮಿಸಿದರು. ಇಡೀ ದೇಶ ಕೈಯಲ್ಲಿದ್ದರೂ, ಯಾರ ಮನೆಯ ಬಾಗಿಲು ಬೇಕಾದರೂ ಒದೆಯುವ ಅಧಿಕಾರ ಇದ್ದರೂ, ಅವನಿಗೂ ಸಿಗಲಿಲ್ಲ. ಹಲಗೆ ಯಾರದೋ ಅಟ್ಟದ ಮೇಲಿದೆ ಎಂಬ ಊಹೆಗಳಿಗೆ ಇದು ಒಳ್ಳೆಯ ಉತ್ತರ. ಅತ್ತ ಗಣಿಯಲ್ಲಿ ಸೋಲು ಖಚಿತವಾದಾಗ ಸ್ಥಳೀಯ ನಾಜಿ ನಾಯಕ ‘ಅಮೃತಶಿಲೆ, ಬೀಳಿಸಬೇಡಿ’ ಎಂದು ಬರೆದ ಪೆಟ್ಟಿಗೆಗಳಲ್ಲಿ ಬಾಂಬುಗಳನ್ನು ಒಳಗಿಳಿಸಿದ್ದ. 1945ರ ಮೇ ತಿಂಗಳ ಆರಂಭದಲ್ಲಿ ಗಣಿಯ ಕಾರ್ಮಿಕರು ಆ ಪೆಟ್ಟಿಗೆಗಳನ್ನು ಹೊರಗೆ ಹಾಕಿದರು. ಕುರಿಮರಿ ಊರಿಗೆ ಮರಳಿತು.

ಈ ನಡುವೆ ಬೆಲ್ಜಿಯಂನ ಚಿತ್ರಸಂರಕ್ಷಕ ಯೆಫ್ ವ್ಯಾನ್ ಡರ್ ವೇಕನ್ ಖಾಲಿ ಜಾಗಕ್ಕೆ ನಕಲು ಬರೆಯಲು ಶುರು ಮಾಡಿ 1945ರಲ್ಲಿ ಮುಗಿಸಿದ್ದ. ಹಳೆಯ ಮರ ಹುಡುಕಿ ತಂದು, ಛಾಯಾಚಿತ್ರ ಎದುರಿಟ್ಟುಕೊಂಡು ಬರೆದದ್ದು. ನಕಲು ಎಷ್ಟು ಚೆನ್ನಾಗಿತ್ತೆಂದರೆ ಅದೇ ಅವನಿಗೆ ಕುತ್ತಾಯಿತು: ಇವನಿಗೆ ಅಸಲು ಸಿಕ್ಕಿರಬೇಕು, ಅದರ ಮೇಲೇ ಬಣ್ಣ ಬಳಿದು ನಕಲು ಎನ್ನುತ್ತಿದ್ದಾನೆ ಎಂಬ ಗುಮಾನಿ ಹುಟ್ಟಿತು. ಹಲಗೆಯ ಬೆನ್ನಿಗೆ ಅವನು ಒಗಟಿನಂಥ ಕೆಲವು ಸಾಲು ಬರೆದಿಟ್ಟದ್ದು ಗುಮಾನಿಗೆ ಎಣ್ಣೆ ಹುಯ್ದಿತು. ಸಂರಕ್ಷಣಾ ತಜ್ಞರು ಇದನ್ನು ಒಪ್ಪುವುದಿಲ್ಲ. ಇದು ನಕಲೆಂದು ತಿಳಿಯಲಿ ಎಂದು ವ್ಯಾನ್ ಡರ್ ವೇಕನ್ ಒಬ್ಬ ನ್ಯಾಯಾಧೀಶನಿಗೆ ಆಗಿನ ಬೆಲ್ಜಿಯಂ ದೊರೆ ಮೂರನೆಯ ಲಿಯೋಪೋಲ್ಡ್‌ನ ಮುಖ ಕೊಟ್ಟಿದ್ದಾನೆ.

ಹುಡುಕುವವರಿಗೆ ಕೊರತೆ ಬಂದಿಲ್ಲ. ಆ ಕಳಿಸದ ಪತ್ರದ ಒಂದು ವಾಕ್ಯವನ್ನು ಹಿಡಿದು ಜನ ಕೆಥೆಡ್ರಲ್‌ನ ನೆಲಮಾಳಿಗೆ, ಮರದ ಗೋಡೆ, ಗೋಪುರ, ವೆಟ್ಟರೆನ್‌ನ ಇಗರ್ಜಿ, ಸಮಾಧಿಗಳು ಎಲ್ಲದರ ಕಡೆಗೂ ಬೆರಳು ತೋರಿಸಿದ್ದಾರೆ. 2018ರಲ್ಲಿ ಮಕ್ಕಳ ಸಾಹಿತಿ ಮಾರ್ಕ್ ದೆ ಬೆಲ್ ಮತ್ತು ಗೀನೋ ಮಾರ್ಶಲ್ ಬರೆದ ಪುಸ್ತಕ, ಪತ್ರಗಳಲ್ಲಿ ಗುಪ್ತಲಿಪಿ ಇದೆ, ಅದನ್ನು ಬಿಡಿಸಿದರೆ ಗೆಂಟ್‌ನ ಕಲಾಂಡೆಬೆರ್ಗ್ ಎಂಬ ಚೌಕದ ನೆಲಕ್ಕೆ ದಾರಿ ತೋರುತ್ತದೆ ಎಂದಿತು. ಸುದ್ದಿ ಲೋಕವೆಲ್ಲ ಸುತ್ತಿತು. ಹಲಗೆ ಬರಲಿಲ್ಲ. ಸಾಹಿತ್ಯದಲ್ಲಿ ಮಾತ್ರ ಅದು ಬಹಳ ಹಿಂದೆಯೇ ಪತ್ತೆಯಾಗಿದೆ: ಆಲ್ಬರ್ಟ್ ಕಾಮು 1956ರ ತನ್ನ ಕಾದಂಬರಿ ‘ಪತನ’ದಲ್ಲಿ ಕಥಾನಾಯಕನ ಕಪಾಟಿನಲ್ಲಿ ಈ ನ್ಯಾಯಾಧೀಶರನ್ನು ಅಡಗಿಸಿಟ್ಟಿದ್ದಾನೆ. ಆ ನಾಯಕನೂ ಮಾಜಿ ವಕೀಲ.

ಇಂಥ ಕಳವು ಯಾಕೆ ಇಷ್ಟು ಗಟ್ಟಿ ಗಂಟಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಒಂದು ಉದಾಹರಣೆಯನ್ನು ಪಕ್ಕಕ್ಕಿಟ್ಟು ನೋಡಬಹುದು. ತಮಿಳುನಾಡಿನ ಶ್ರೀಪುರಂದಾನ್ ಊರಿನ ದೇವಾಲಯದಿಂದ ಕದ್ದ ಚೋಳರ ಕಾಲದ ನಟರಾಜನನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಗೆ 50 ಲಕ್ಷ ಡಾಲರ್‌ಗೆ ಮಾರಿದ್ದ. ಸುಳ್ಳು ಕಾಗದಪತ್ರ, ಬಿಲ್ಲು, ಗ್ಯಾಲರಿಯ ಫೋಟೊ ಎಲ್ಲ ಇದ್ದವು. ಪುದುಚೇರಿಯ ಫ್ರೆಂಚ್ ಸಂಸ್ಥೆ ಹಿಂದೆ ದೇವಾಲಯದಲ್ಲೇ ತೆಗೆದಿಟ್ಟಿದ್ದ ಛಾಯಾಚಿತ್ರಗಳ ಜೊತೆ ತಾಳೆ ಹಾಕಿದಾಗ ಕಳ್ಳ ಸಿಕ್ಕ. 2014ರಲ್ಲಿ ನಟರಾಜ ಭಾರತಕ್ಕೆ ಬಂದ. ಮಾರುಕಟ್ಟೆಗೆ ಬಂದ ದೇವರು ಗುರುತು ಬಿಟ್ಟೇ ಹೋಗುತ್ತಾನೆ. ಗೆಂಟ್‌ನ ಹಲಗೆಯನ್ನು ಮಾರುವ ಯೋಚನೆಯೇ ಇರಲಿಲ್ಲ. ಲೋಕಪ್ರಸಿದ್ಧವಾದ ಅದನ್ನು ಕೊಳ್ಳುವವರೂ ಇರಲಿಲ್ಲ. ಅದಕ್ಕೆ ಬೆಲೆ ಕಟ್ಟಬಹುದಾಗಿದ್ದದ್ದು ಅದನ್ನು ಪೂಜಿಸುವ ಇಗರ್ಜಿ ಒಂದೇ. ಆ ಚೌಕಾಸಿ ಮುರಿದುಬಿದ್ದು, ಜಾಗ ಬಲ್ಲವನು ಸತ್ತ ಮೇಲೆ, ಹಲಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕಾದ ಕಾರಣವೇ ಇಲ್ಲವಾಯಿತು. ಕೈ ಬದಲಾಗದ ವಸ್ತುವಿನ ಜಾಡು ಹಿಡಿಯುವುದು ಕಷ್ಟ. ಇಟಲಿಯ ಪಲೆರ್ಮೊದ ಪ್ರಾರ್ಥನಾಮಂದಿರದಿಂದ 1969ರ ಅಕ್ಟೋಬರ್‌ನಲ್ಲಿ ಕತ್ತರಿಸಿ ಒಯ್ದ ಕಾರವಾಜ್ಜಿಯೋನ ಯೇಸುಜನನದ ಚಿತ್ರವೂ ಹೀಗೆಯೇ ಮಾಯವಾಗಿದೆ.

ಗೆಂಟ್ ಪೊಲೀಸ್ ಮುಖ್ಯಸ್ಥನಾಗಿದ್ದ ಕಾರೆಲ್ ಮೋರ್ಟಿಯರ್ ದಶಕಗಟ್ಟಲೆ ಈ ಪ್ರಕರಣದ ಬೆನ್ನು ಹತ್ತಿದ, ಪುಸ್ತಕಗಳನ್ನೂ ಬರೆದ. ಅವನಿಗೆ ಎದುರಾದ ದೊಡ್ಡ ಅಡ್ಡಿ ಕಾಗದದ್ದು: ಇರಬೇಕಾದ ದಾಖಲೆ ಇಲ್ಲ, ಇದ್ದದ್ದು ಸುಲಭಕ್ಕೆ ನೋಡಲು ಸಿಗುವುದಿಲ್ಲ. ಪೊಲೀಸ್ ತನಿಖೆಗಿಂತ ಮೊದಲು ನಡೆದ ಖಾಸಗಿ ತನಿಖೆಯ ಫಲ ಇದು. ಹಲಗೆ ಈಗಲೂ ಉಳಿದಿದ್ದರೆ, ಮತ್ತು ಓಕ್ ಮರ ಒಣಗಿದ ಜಾಗದಲ್ಲಿ ಶತಮಾನಗಟ್ಟಲೆ ಉಳಿಯುತ್ತದೆ, ಅದು ಸಿಗುವುದು ಗುಪ್ತಲಿಪಿ ಬಿಡಿಸುವ ಜಾಣರಿಂದಲ್ಲ. ಯಾವುದೋ ಹಳೆ ಗೋಡೆಯ ದುರಸ್ತಿಗೆ ಬಂದ ಗಾರೆ ಕೆಲಸದವನ ಕಣ್ಣಿಗೆ ಬಿದ್ದೀತು, ಅಥವಾ ಯಾರದೋ ಮನೆಯ ಕಾಗದದ ಕಟ್ಟಿನಿಂದ ಜಾಗದ ಹೆಸರು ಹೊರಬಿದ್ದೀತು.

ಉಳಿದ ಹಲಗೆಗಳಿಗೆ 2012ರಿಂದ ಸಂರಕ್ಷಣೆಯ ಕೆಲಸ ನಡೆಯುತ್ತ ಬಂದಿದೆ. ಹದಿನಾರನೆಯ ಶತಮಾನದಲ್ಲಿ ಯಾರೋ ಮೇಲೆ ಬಳಿದಿದ್ದ ಬಣ್ಣ ತೆಗೆದಾಗ ಕುರಿಮರಿಗೆ ಮನುಷ್ಯರಂಥ ಕಣ್ಣು ಕಂಡು ಲೋಕ ಬೆಚ್ಚಿದ್ದೂ ಈ ಕೆಲಸದ ನಡುವೆಯೇ. 2021ರಿಂದ ಚಿತ್ರವನ್ನು ಕೆಥೆಡ್ರಲ್‌ನ ಬೇರೊಂದು ಪ್ರಾರ್ಥನಾ ಕೋಣೆಯಲ್ಲಿ, ಗುಂಡು ತಾಗದ ಗಾಜಿನ ದೊಡ್ಡ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಯುರೋಪ್ ಪ್ರವಾಸದಲ್ಲಿ ಬ್ರಸೆಲ್ಸ್‌ವರೆಗೆ ಹೋದವರಿಗೆ ಗೆಂಟ್ ರೈಲಿನಲ್ಲಿ ಹತ್ತಿರ. ಹೋದರೆ ಎಲ್ಲರಂತೆ ಕುರಿಮರಿಯ ಎದುರು ಮಾತ್ರ ನಿಲ್ಲದೆ ಎಡಗಡೆಯ ಕೆಳಮೂಲೆಯನ್ನೂ ನೋಡಿ. ಅಲ್ಲಿರುವುದು ವ್ಯಾನ್ ಡರ್ ವೇಕನ್‌ನ ನಕಲು. ಅಸಲಿನ ಕಡತವನ್ನು ಗೆಂಟ್ ಪೊಲೀಸರು ಇನ್ನೂ ಮುಚ್ಚಿಲ್ಲ.